ಚಳಿಜ್ವರದ ಗುಳಿಗೆ: ಸೇವನಾ ನಿಯಮಗಳ ಇತಿಹಾಸ

ಔಷಧಸೇವನೆಯ ವಿಚಾರವು ವೈದ್ಯಶಾಸ್ತ್ರಕ್ಕೆ ಸೇರಿದುದು. ಇತಿಹಾಸದ ಅಧ್ಯಾಪಕನೊಬ್ಬನು ಅದನ್ನು ಕುರಿತು ಬರೆಯಹೊರಡುವುದು ಅನಧಿಕಾರಚೇಷ್ಟೆಯೆಂದು ಕೆಲವರಿಗೆ ತೋರಬಹುದು. ಆದರೆ ಗುಳಿಗೆಯೊಡನೆ ರೋಗಿಗೆ ಹೇಳಲಾಗುವ ಪ್ರತಿಯೊಂದು ನಿಯಮಕ್ಕೂ ಒಂದು ಹುಟ್ಟು ಇದೆ, ಒಂದು ಕಾಲ ಇದೆ, ಅದರ ಹಿಂದೆ ಯಾರೋ ಅನುಭವಿಸಿದ ಕಷ್ಟವಿದೆ. ಅವುಗಳನ್ನು ಅರಿಯದೆ ನಿಯಮವನ್ನು ಪಾಲಿಸುವುದು ಜನರಿಗೆ ಕಷ್ಟವೆಂಬುದು ನನಗೆ ಮನವರಿಕೆಯಾದುದು ಬಗದಲ್‌ನಲ್ಲಿ.

ಬೀದರ ತಾಲ್ಲೂಕಿನ ಬಗದಲ್ ಹೋಬಳಿಯಲ್ಲಿ ನಿಜಾಮರ ಕಾಲದ ಆಡಳಿತವನ್ನು ಕುರಿತು ವೃದ್ಧರ ನೆನಪುಗಳನ್ನು ಸಂಗ್ರಹಿಸಲು ಹೋಗಿದ್ದಾಗ, ಒಂದು ಮನೆಯ ಗೋಡೆಯ ಮಾಡದಲ್ಲಿ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಯೊಂದು ಕಣ್ಣಿಗೆ ಬಿದ್ದಿತು. ಮನೆಯ ಮೊಮ್ಮಗ ಕಟ್ಟಡದ ಕೆಲಸಕ್ಕಾಗಿ ಹೈದರಾಬಾದಿಗೆ ಹೋಗಿದ್ದವನು ಚಳಿಜ್ವರದೊಡನೆ ಊರಿಗೆ ಮರಳಿದ್ದನು. ರಕ್ತಪರೀಕ್ಷೆಯಾಗಿ, ಆಶಾ ಕಾರ್ಯಕರ್ತೆಯು ಹದಿನಾಲ್ಕು ದಿನಗಳ ಗುಳಿಗೆಗಳನ್ನು ಕೊಟ್ಟುಹೋಗಿದ್ದಳು. ಮೂರನೆಯ ದಿನ ಜ್ವರ ಇಳಿಯಿತು. ಐದನೆಯ ದಿನ ಮೊಮ್ಮಗ ಬಸ್ಸು ಹತ್ತಿದನು. ಹತ್ತು ದಿನಗಳ ಗುಳಿಗೆ ಉಳಿದಿದ್ದುವು. ಏಕೆಂದು ಕೇಳಿದಾಗ ಮನೆಯ ಮುತ್ಯಾ ಹೇಳಿದರು: "ಜರ ಬಿಟ್ಟ ಮ್ಯಾಲ ಗುಳಿಗಿ ಯಾಕ ತಿನಬೇಕ್ರಿ? ಮನ್ಯಾಗ ಮತ್ತ ಯಾರಿಗಾರ ಜರ ಬಂದ್ರ ಆಗ್ತಾವಂತ ಇಟ್ಟೀವಿ." ಆ ಮನೆಯ ಸೊಸೆ ಆಗ ಗರ್ಭಿಣಿಯಾಗಿದ್ದಳು.

ಮುತ್ಯಾರ ಪ್ರಶ್ನೆ ಅವಿವೇಕದ ಪ್ರಶ್ನೆಯಲ್ಲ. ಜ್ವರವೇ ರೋಗವಾಗಿದ್ದಲ್ಲಿ, ಅದು ಹೋದ ಮೇಲೆ ಔಷಧವೇಕೆ? ಈ ಪ್ರಶ್ನೆಗೆ ಉತ್ತರ ದೊರೆಯಲು ವಿಜ್ಞಾನಕ್ಕೆ ಸುಮಾರು ನೂರು ವರ್ಷಗಳು ಬೇಕಾದುವು. ಪ್ರಸ್ತುತ ಲೇಖನದಲ್ಲಿ ಆ ಉತ್ತರದ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಲು ಯತ್ನಿಸಲಾಗಿದೆ. ಇಲ್ಲಿ ಬರುವ ಪ್ರಮಾಣಗಳು ವಿವರಣೆಗಾಗಿ ಹೇಳಿದವು. ರೋಗಿಗೆ ಎಷ್ಟು ಕೊಡಬೇಕೆಂಬುದನ್ನು ಅವನ ರಕ್ತವನ್ನು ಪರೀಕ್ಷಿಸಿದವರೇ ನಿರ್ಣಯಿಸತಕ್ಕದ್ದು.

ನಮ್ಮ ಪ್ರಾಚೀನ ವೈದ್ಯಗ್ರಂಥಗಳು ಬಿಟ್ಟು ಬಿಟ್ಟು ಬರುವ ಜ್ವರವನ್ನು ವಿಷಮಜ್ವರವೆಂದು ಕರೆದು, ಅದರ ಸರದಿಯನ್ನು ಅನುಸರಿಸಿ ತೃತೀಯಕ, ಚತುರ್ಥಕ ಎಂದು ವಿಭಾಗಿಸಿದುವು. ಜ್ವರ ಬಿಟ್ಟ ದಿನವೂ ರೋಗಿಯು ರೋಗಿಯೇ ಎಂಬ ಅರಿವು ಆ ಹೆಸರುಗಳಲ್ಲಿಯೇ ಅಡಗಿದೆ. ಆದರೆ ಬಿಟ್ಟ ದಿನ ರೋಗವು ಎಲ್ಲಿರುತ್ತದೆ? 1880ರಲ್ಲಿ ಅಲ್ಜೀರಿಯಾದಲ್ಲಿದ್ದ ಫ್ರೆಂಚ್ ಸೇನಾವೈದ್ಯ ಲಾವೆರಾನ್ ರೋಗಿಯ ರಕ್ತದಲ್ಲಿ ಪರಾವಲಂಬಿ ಜೀವಿಯನ್ನು ಕಂಡನು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಅದೇ ಜೀವಿಯನ್ನು ಸೊಳ್ಳೆಯ ಜಠರದ ಭಿತ್ತಿಯಲ್ಲಿ ಗುರುತಿಸಿದುದು ಸಿಕಂದರಾಬಾದಿನ ಬೇಗಂಪೇಟೆಯಲ್ಲಿ. ಆಗ ಬೀದರವೂ ಆ ಊರೂ ಒಂದೇ ಸಂಸ್ಥಾನಕ್ಕೆ ಸೇರಿದ್ದುವು. ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದುದು 1956ರ ನವೆಂಬರ್ 1ರಂದು. ಬಗದಲ್‌ನ ಹುಡುಗನು ಜ್ವರ ತಂದ ನಗರವೂ, ಆ ಜ್ವರದ ಸೊಳ್ಳೆಯ ಗುಟ್ಟು ಮೊದಲು ಬಯಲಾದ ನಗರವೂ ಹೀಗೆ ಒಂದಕ್ಕೊಂದು ಅಂಟಿಕೊಂಡಿರುವುದು ಕಾಕತಾಳೀಯವೇ ಸರಿ.

ರೋಗದ ಕಾರಣ ತಿಳಿಯುವುದಕ್ಕಿಂತ ಬಹಳ ಮೊದಲೇ ಔಷಧವು ತಿಳಿದಿದ್ದಿತು. ದಕ್ಷಿಣ ಅಮೆರಿಕದ ಸಿಂಕೋನಾ ಮರದ ತೊಗಟೆಯನ್ನು ಹದಿನೇಳನೆಯ ಶತಮಾನದಲ್ಲಿ ಜೆಸುಯಿಟ್ ಪಾದ್ರಿಗಳು ಯೂರೋಪಿಗೆ ಪರಿಚಯಿಸಿದರು. ತೊಗಟೆಯ ದೋಷವೆಂದರೆ ಅದರ ಸತ್ತ್ವ ಮರದಿಂದ ಮರಕ್ಕೆ ಬೇರೆಯಾಗುತ್ತಿದ್ದುದು. ಒಂದು ಹಿಡಿ ಪುಡಿಯಿಂದ ಒಬ್ಬನು ಗುಣ ಹೊಂದಿದರೆ, ಅಷ್ಟೇ ಪುಡಿಯಿಂದ ಇನ್ನೊಬ್ಬನಿಗೆ ಏನೂ ಆಗುತ್ತಿರಲಿಲ್ಲ. 1820ರಲ್ಲಿ ಪ್ಯಾರಿಸ್ಸಿನ ಪೆಲೆಟಿಯೇ ಮತ್ತು ಕಾವೆಂಟೂ ಎಂಬ ರಸಾಯನಜ್ಞರು ತೊಗಟೆಯಿಂದ ಕ್ವಿನೈನನ್ನು ಪ್ರತ್ಯೇಕಿಸಿದಾಗಲೇ ಚಳಿಜ್ವರದ ಔಷಧಕ್ಕೆ ತೂಕವೆಂಬುದು ಬಂದಿತು. 'ಇಷ್ಟು ಕೊಡಬೇಕು' ಎಂದು ನಿಶ್ಚಯವಾಗಿ ಹೇಳುವುದು ಅಲ್ಲಿಂದ ಮುಂದೆ ಮಾತ್ರ ಸಾಧ್ಯವಾಯಿತು.

1860ರ ದಶಕದಲ್ಲಿ ನೀಲಗಿರಿಯಲ್ಲಿ ಸಿಂಕೋನಾ ತೋಟಗಳು ಎದ್ದುವು. 1892ರಿಂದ ಬಂಗಾಳದಲ್ಲಿ ಅಂಚೆಕಚೇರಿಗಳ ಮೂಲಕ ಒಂದು ಪೈಸೆಗೆ ಒಂದು ಕ್ವಿನೈನ್ ಪೊಟ್ಟಣವನ್ನು ಮಾರುವ ಏರ್ಪಾಡಾಯಿತು. ವೈದ್ಯನಿಲ್ಲದ ಹಳ್ಳಿಗೂ ಅಳೆದು ಮುದ್ರೆಯೊತ್ತಿದ ಒಂದು ಪ್ರಮಾಣವನ್ನು ಮುಟ್ಟಿಸಬೇಕೆಂಬ ಆಲೋಚನೆಯ ಆರಂಭ ಇದು. ಆದರೆ ಪೊಟ್ಟಣದಲ್ಲಿ ಎಷ್ಟಿದೆಯೆಂಬುದು ಗೊತ್ತಿದ್ದರೂ ಎಷ್ಟು ಪೊಟ್ಟಣಗಳನ್ನು ಎಷ್ಟು ದಿನ ತಿನ್ನಬೇಕೆಂಬುದನ್ನು ಅಂಚೆಯವನು ಹೇಳಲಾರ. ಬಡವನು ಒಂದು ಪೈಸೆಗೆ ಒಂದನ್ನು ಕೊಂಡು, ಜ್ವರ ಇಳಿದರೆ ಅಲ್ಲಿಗೆ ನಿಲ್ಲಿಸುತ್ತಿದ್ದನೆಂದು ಊಹಿಸುವುದು ತಪ್ಪಾಗಲಾರದು.

ಕ್ವಿನೈನಿನ ಕಹಿಯು ಅಸಾಧ್ಯವಾದುದು. ಕಿವಿಯಲ್ಲಿ ಮೊರೆತ, ತಲೆಸುತ್ತು, ಓಕರಿಕೆ ಅದರ ಸಹಜ ಅನುಚರರು. ಬಗದಲ್‌ನ ವೃದ್ಧರು ಇಂದಿಗೂ ಅದನ್ನು ಉರ್ದುವಿನ 'ಕುನೈನ್' ಎಂಬ ಹೆಸರಿನಿಂದಲೇ ನೆನೆಯುತ್ತಾರೆ. ಹೆಸರು ಹೇಳುವಾಗಲೇ ಮುಖ ಕಿವುಚುತ್ತಾರೆ. ಇಂತಹ ಔಷಧವನ್ನು ಜನ ಅರ್ಧಕ್ಕೇ ಬಿಟ್ಟುದರಲ್ಲಿ ಆಶ್ಚರ್ಯವಿಲ್ಲ. ಆದರೆ ಅರೆಬರೆ ಸೇವನೆಯ ಫಲ ಕೆಲವೆಡೆ ಘೋರವಾಗಿದ್ದಿತು. ಆಫ್ರಿಕದಲ್ಲಿಯೂ ಅಸ್ಸಾಮಿನ ಕಡೆಯಲ್ಲಿಯೂ ಆಗಾಗ್ಗೆ ಸ್ವಲ್ಪ ಸ್ವಲ್ಪ ಕ್ವಿನೈನ್ ತಿನ್ನುತ್ತಿದ್ದವರಲ್ಲಿ ರಕ್ತಕಣಗಳು ಹಠಾತ್ತನೆ ಒಡೆದು ಮೂತ್ರ ಕಪ್ಪಾಗಿ ಸಾವು ಸಂಭವಿಸುತ್ತಿದ್ದಿತು. ಆ ಕಾಲದ ವೈದ್ಯರು ಇದನ್ನು ಕಪ್ಪುನೀರು ಜ್ವರವೆಂದು ಕರೆದು, ಕ್ವಿನೈನಿನ ಅನಿಯತ ಸೇವನೆಯೊಡನೆ ಅದಕ್ಕಿರುವ ನಂಟನ್ನು ಗುರುತಿಸಿದರು. ಔಷಧವನ್ನು ಕ್ರಮ ತಪ್ಪಿ ತಿನ್ನುವುದು ತಿನ್ನದಿರುವುದಕ್ಕಿಂತ ಹೆಚ್ಚು ಅಪಾಯಕಾರಿಯಾಗಬಹುದೆಂಬುದು ಬಹುಶಃ ಇಲ್ಲಿಯೇ ಮೊದಲು ಸ್ಪಷ್ಟವಾಗಿ ಕಂಡುಬಂದಿತು.

ಕ್ಲೋರೋಕ್ವಿನ್ ಎಂಬ ಔಷಧದ ಆಗಮನದಿಂದ ಚಿತ್ರ ಬದಲಾಯಿತು. ಅದನ್ನು 1934ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯಲ್ಲಿ ಹಾನ್ಸ್ ಆಂಡರ್ಸಾಗ್ ತಯಾರಿಸಿದನು. ಮನುಷ್ಯರಿಗೆ ವಿಷಕರವೆಂದು ಭಾವಿಸಿ ಅದನ್ನು ಬದಿಗಿಡಲಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕನ್ನರು ಮತ್ತೆ ಪರೀಕ್ಷಿಸಿ ಅದರ ಗುಣವನ್ನು ಕಂಡುಕೊಂಡರು. ಮೊದಲ ತೀರ್ಪು ತಪ್ಪೆಂದು ಈಗ ಎಲ್ಲರೂ ಹೇಳುತ್ತಾರಾದರೂ ಅದರಲ್ಲಿ ಸತ್ಯಾಂಶ ಇಲ್ಲದಿರಲಿಲ್ಲ. ಸರಿಯಾದ ಪ್ರಮಾಣದಲ್ಲಿ ಕ್ಲೋರೋಕ್ವಿನ್ ಸೌಮ್ಯವಾದ ಔಷಧ. ಆದರೆ ಸರಿಯಾದ ಪ್ರಮಾಣಕ್ಕೂ ಹೃದಯವನ್ನು ಕೆಡಿಸುವ ಪ್ರಮಾಣಕ್ಕೂ ನಡುವಣ ಅಂತರ ಕಿರಿದು. ಚಿಕ್ಕ ಮಕ್ಕಳಿಗಂತೂ ದೊಡ್ಡವರ ಕೆಲವೇ ಗುಳಿಗೆಗಳು ಪ್ರಾಣಾಂತಿಕವಾಗಬಲ್ಲುವು. ಗುಳಿಗೆಯನ್ನು ಮಕ್ಕಳ ಕೈಗೆ ಎಟುಕದಂತೆ ಇಡಬೇಕೆಂಬ ಮಾತು ಬರಿಯ ಔಪಚಾರಿಕವಲ್ಲ.

ಇಲ್ಲಿ ಅಂಕೆಯ ಒಂದು ತೊಡಕೂ ಉಂಟು. ಸಾಮಾನ್ಯವಾದ ಕ್ಲೋರೋಕ್ವಿನ್ ಗುಳಿಗೆಯ ಮೇಲೆ 250 ಮಿಲಿಗ್ರಾಂ ಎಂದಿರುತ್ತದೆ. ಅದು ಲವಣರೂಪದ ತೂಕ. ಅದರೊಳಗಿನ ಮೂಲದ್ರವ್ಯ 150 ಮಿಲಿಗ್ರಾಂ ಮಾತ್ರ. ವೈದ್ಯರ ಲೆಕ್ಕವೆಲ್ಲ ಮೂಲದ್ರವ್ಯದ್ದು: ಪ್ರತಿ ಕಿಲೋಗ್ರಾಂ ದೇಹತೂಕಕ್ಕೆ ಮೊದಲೆರಡು ದಿನ ಹತ್ತು ಹತ್ತು ಮಿಲಿಗ್ರಾಂ, ಮೂರನೆಯ ದಿನ ಐದು. ಪ್ರಾಯದವನಿಗೆ ಇದು ನಾಲ್ಕು, ನಾಲ್ಕು, ಎರಡು, ಹೀಗೆ ಒಟ್ಟು ಹತ್ತು ಗುಳಿಗೆಗಳಾಗುತ್ತದೆ. ಒಂದು ಅಂಕೆಯನ್ನು ಇನ್ನೊಂದೆಂದು ಬಗೆದರೆ ಪ್ರಮಾಣವು ಅರ್ಧಕ್ಕರ್ಧ ಹೆಚ್ಚುಕಡಿಮೆಯಾಗುತ್ತದೆ. ಅಂಗಡಿಯಿಂದ ತಾವೇ ಕೊಂಡು ತಿನ್ನುವವರು ಈ ಸಂಗತಿಯನ್ನು ಅರಿತಿರುವುದು ಅಪರೂಪ.

ಬರಿಹೊಟ್ಟೆಯಲ್ಲಿ ತಿನ್ನಬಾರದೆಂಬ ನಿಯಮದ ಕಾರಣ ಸರಳ: ಬರಿಹೊಟ್ಟೆಗೆ ಬಿದ್ದ ಗುಳಿಗೆ ವಾಂತಿಯಾಗಿ ಹೊರಬೀಳುತ್ತದೆ, ತಿಂದೆನೆಂಬ ಸಮಾಧಾನ ಮಾತ್ರ ಒಳಗುಳಿಯುತ್ತದೆ. ಆದುದರಿಂದಲೇ ಮೊದಲ ಪ್ರಮಾಣವನ್ನು ಆರೋಗ್ಯ ಕಾರ್ಯಕರ್ತೆಯ ಎದುರಿನಲ್ಲಿ ನುಂಗಬೇಕು, ಕಾಲು ಗಂಟೆ ಅಲ್ಲಿಯೇ ಕುಳಿತಿರಬೇಕು, ಆ ಅವಧಿಯಲ್ಲಿ ವಾಂತಿಯಾದರೆ ಅದು ನಿಂತ ಮೇಲೆ ಮತ್ತೆ ಅಷ್ಟನ್ನೇ ಕೊಡಬೇಕು ಎಂದು ನಮ್ಮ ರಾಷ್ಟ್ರೀಯ ಕಾರ್ಯಕ್ರಮ ವಿಧಿಸಿದೆ. ಎರಡನೆಯ ಬಾರಿಯೂ ನಿಲ್ಲದಿದ್ದರೆ ಗುಳಿಗೆಯ ಚಿಕಿತ್ಸೆ ಸಾಲದೆಂದು ತಿಳಿದು ಆಸ್ಪತ್ರೆಗೆ ಸಾಗಿಸತಕ್ಕದ್ದು. ಮಂಪರು, ಸೆಳವು, ನೀರನ್ನೂ ಕುಡಿಯಲಾರದ ನಿತ್ರಾಣ ಕಂಡಾಗಲೂ ಹೀಗೆಯೇ.

ಈಗ ಮುತ್ಯಾರ ಪ್ರಶ್ನೆಗೆ ಮರಳೋಣ. ಜ್ವರ ಇಳಿದೊಡನೆ ಗುಳಿಗೆ ನಿಲ್ಲಿಸುವ ರೂಢಿ ಬಂದುದೆಲ್ಲಿಂದ? ಜನರ ಅಜ್ಞಾನವೆಂದು ಹೇಳಿ ಮುಗಿಸುವುದು ಸುಲಭ. ನನಗಾದರೋ ಇದರಲ್ಲಿ ಸರ್ಕಾರದ ಪಾಲೂ ಇದೆಯೆಂದು ತೋರುತ್ತದೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಆರಂಭವಾಗಿ, 1958ರಲ್ಲಿ ನಿರ್ಮೂಲನ ಕಾರ್ಯಕ್ರಮವಾಗಿ ಮಾರ್ಪಟ್ಟಿತು. ಡಿ.ಡಿ.ಟಿ. ಸಿಂಪಡಣೆಯೊಡನೆ ಮನೆಮನೆಯ ಜ್ವರಶೋಧನೆಯೂ ಮೊದಲಾಯಿತು. ಕಾರ್ಯಕರ್ತನು ಬರುತ್ತಿದ್ದನು, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಪಟ್ಟಿಕೆಯ ಮೇಲೆ ರಕ್ತ ಸವರಿಕೊಳ್ಳುತ್ತಿದ್ದನು, ಗೋಡೆಯ ಮೇಲೆ ದಿನಾಂಕ ಗುರುತಿಸುತ್ತಿದ್ದನು. ಹೋಗುವ ಮೊದಲು ಪರೀಕ್ಷೆಯ ಫಲಕ್ಕೆ ಕಾಯದೆ ನಾಲ್ಕು ಗುಳಿಗೆಗಳನ್ನು ಒಮ್ಮೆಗೇ ನುಂಗಿಸುತ್ತಿದ್ದನು. ಇದಕ್ಕೆ ಊಹಾಧಾರಿತ ಚಿಕಿತ್ಸೆಯೆಂದು ಹೆಸರು. ರಕ್ತದಲ್ಲಿ ರೋಗಾಣು ಕಂಡುಬಂದರೆ ಮಾತ್ರ ಪೂರ್ಣ ಚಿಕಿತ್ಸೆ. ಫಲ ತಿಳಿದುಬರಲು ಎಷ್ಟೋ ದಿನ ಹಿಡಿಯುತ್ತಿದ್ದಿತು.

ಆ ವ್ಯವಸ್ಥೆಯ ಸಾಧನೆಯನ್ನು ಕಡೆಗಣಿಸಲಾಗದು. ಕಾರ್ಯಕ್ರಮದ ಆರಂಭಕ್ಕೆ ಮುನ್ನ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಜನ ಮಲೇರಿಯಾಕ್ಕೆ ತುತ್ತಾಗುತ್ತಿದ್ದರೆಂದು ಅಂದಾಜು; 1961ರಲ್ಲಿ ದಾಖಲಾದ ಪ್ರಕರಣಗಳು ಸುಮಾರು 50,000 ಮಾತ್ರ. ಬಳಿಕ ರೋಗವು ಮತ್ತೆ ತಲೆಯೆತ್ತಿ 1976ರಲ್ಲಿ 64 ಲಕ್ಷವನ್ನು ಮುಟ್ಟಿದಾಗಲೂ ಜ್ವರ ಬಂದವನಿಗೆ ಮೊದಲು ದೊರೆಯುತ್ತಿದ್ದುದು ಆ ಒಂದು ಸಲದ ಗುಳಿಗೆಯೇ. ಹೀಗೆ ದಶಕಗಳ ಕಾಲ, ಜ್ವರಕ್ಕೆ ಒಂದು ದಿನದ ಔಷಧ ಸಾಕು ಎಂಬ ಪಾಠವನ್ನು ಹಳ್ಳಿಗೆ ಕಲಿಸಿದುದು ಆರೋಗ್ಯ ಇಲಾಖೆಯ ಚೀಲವೇ. ಬೆರಳತುದಿಯ ಒಂದು ಹನಿ ರಕ್ತದಿಂದ ಅರ್ಧ ಗಂಟೆಯೊಳಗೆ ಫಲ ತಿಳಿಸುವ ಪರೀಕ್ಷಾಪಟ್ಟಿ ಬಂದ ಮೇಲೆ ಊಹಾಧಾರಿತ ಚಿಕಿತ್ಸೆಯನ್ನು ಕೈಬಿಡಲಾಯಿತು. ನಿಯಮ ಬದಲಾಯಿತು, ಮುತ್ಯಾರ ತಲೆಮಾರು ಕಲಿತ ಪಾಠ ಹಾಗೆಯೇ ಉಳಿಯಿತು.

ಒಂದು ದಿನದ ಔಷಧ, ಅಷ್ಟೇಕೆ ಮೂರು ದಿನದ ಕ್ಲೋರೋಕ್ವಿನ್ ಕೂಡ, ಏಕೆ ಸಾಲದು? ನಮ್ಮ ದೇಶದಲ್ಲಿ ಮುಖ್ಯವಾಗಿ ಕಾಣುವ ಎರಡು ಬಗೆಯ ರೋಗಾಣುಗಳಲ್ಲಿ ವೈವ್ಯಾಕ್ಸ್ ಎಂಬುದು ಬಗದಲ್‌ನ ಹುಡುಗನ ರಕ್ತದಲ್ಲಿದ್ದುದು. ಇದರಿಂದ ಗುಣವಾದವನಿಗೆ ತಿಂಗಳುಗಳ ಮೇಲೆ, ಸೊಳ್ಳೆ ಕಡಿಯದಿದ್ದರೂ, ಮತ್ತೆ ಜ್ವರ ಬರುವುದು ವೈದ್ಯರಿಗೆ ಬಹುಕಾಲ ಒಗಟಾಗಿದ್ದಿತು. 1948ರಲ್ಲಿ ಶಾರ್ಟ್ ಮತ್ತು ಗಾರ್ನ್‌ಹ್ಯಾಂ ಎಂಬ ವಿಜ್ಞಾನಿಗಳು, ರೋಗಾಣುವು ರಕ್ತವನ್ನು ಸೇರುವ ಮೊದಲು ಯಕೃತ್ತಿನಲ್ಲಿ ಬೆಳೆಯುತ್ತದೆಂದು ತೋರಿಸಿದರು. ಇವರಲ್ಲಿ ಮೊದಲಿನವನು ಹಿಂದೆ ಭಾರತದ ವೈದ್ಯಕೀಯ ಸೇವೆಯಲ್ಲಿದ್ದವನು. ಯಕೃತ್ತಿನ ಕಣಗಳಲ್ಲಿ ಕೆಲವು ರೋಗಾಣುಗಳು ಬೆಳೆಯದೆ ನಿದ್ರಿಸುತ್ತಿರುತ್ತವೆಂಬುದು ದೃಢಪಟ್ಟುದು 1980ರ ದಶಕದ ಆರಂಭದಲ್ಲಿ. ಮಳೆಗಾಲಕ್ಕಾಗಿ ಬೀಜ ನೆಲದಲ್ಲಿ ಕಾದಿರುವಂತೆ ಅವು ಅಲ್ಲಿ ಕಾದಿರುತ್ತವೆ. ಕ್ಲೋರೋಕ್ವಿನ್ ರಕ್ತದಲ್ಲಿರುವ ರೋಗಾಣುಗಳನ್ನು ಕೊಂದು ಜ್ವರವನ್ನು ಇಳಿಸುತ್ತದೆ, ನಿದ್ರಿಸುವವನ್ನು ಮುಟ್ಟುವುದಿಲ್ಲ. ಅವನ್ನು ಕೊಲ್ಲಲು ಪ್ರೈಮಾಕ್ವಿನ್ ಎಂಬ ಬೇರೆಯೇ ಗುಳಿಗೆ ಬೇಕು. ಜ್ವರ ಬಿಟ್ಟ ಮೇಲೆ ಏಕೆ ತಿನ್ನಬೇಕೆಂದರೆ, ಆಗ ತಿನ್ನುವುದು ಹೋದ ಜ್ವರಕ್ಕಲ್ಲ, ಬರಲಿರುವ ಜ್ವರಕ್ಕೆ.

ಹದಿನಾಲ್ಕು ದಿನಗಳ ಲೆಕ್ಕಕ್ಕೂ ಒಂದು ಕಥೆಯುಂಟು. 1950ರ ದಶಕದ ಮೊದಲಲ್ಲಿ ಕೊರಿಯಾದ ಯುದ್ಧದಿಂದ ಮರಳುತ್ತಿದ್ದ ಅಮೆರಿಕನ್ ಸೈನಿಕರಿಗೆ ಹಡಗಿನ ಮೇಲೆಯೇ ದಿನಕ್ಕೊಂದರಂತೆ 15 ಮಿಲಿಗ್ರಾಂ ಪ್ರೈಮಾಕ್ವಿನನ್ನು ಹದಿನಾಲ್ಕು ದಿನ ಕೊಡಲಾಯಿತು. ಕೊಡುವವನು ಎದುರಿಗೇ ನಿಂತಿರುತ್ತಿದ್ದನು. ಸುತ್ತಲೂ ಸಮುದ್ರ, ಬಿಟ್ಟುಹೋಗಲು ಎಡೆಯಿರಲಿಲ್ಲ. ಬಗದಲ್‌ನ ಹುಡುಗನಿಗೆ ಐದನೆಯ ದಿನ ಹೈದರಾಬಾದಿನ ಬಸ್ಸಿದ್ದಿತು, ಮೇಸ್ತ್ರಿಯ ಕರೆಯಿದ್ದಿತು, ಹೋಗದ ದಿನದ ಕೂಲಿ ಇಲ್ಲವಾಗುತ್ತಿದ್ದಿತು. ನಮ್ಮ ದೇಶದಲ್ಲಿ ಬಹುಕಾಲ ಐದೇ ದಿನ ಪ್ರೈಮಾಕ್ವಿನ್ ಕೊಡುವ ಪದ್ಧತಿಯಿದ್ದು, ಅದರಿಂದ ಮರುಕಳಿಕೆ ತಪ್ಪದೆಂದು ಕಂಡುಬಂದ ಮೇಲೆಯೇ ಹದಿನಾಲ್ಕು ದಿನಗಳ ಕ್ರಮ ಜಾರಿಗೆ ಬಂದುದು. ಬೀದರ, ಭಾಲ್ಕಿ, ಔರಾದಗಳಿಂದ ದುಡಿಮೆಗಾಗಿ ಹೊರಗೆ ಹೋಗುವವರ ಚಿಕಿತ್ಸೆಯಲ್ಲಿ ಈ ಅವಧಿಯೇ ದೊಡ್ಡ ಅಡಚಣೆ. ಉಳಿದ ಗುಳಿಗೆಯನ್ನು ಜೊತೆಗೆ ಒಯ್ಯಬಹುದೆಂಬುದನ್ನು ಒಂದು ಮಾತು ಹೇಳಿದರೂ ಎಷ್ಟೋ ಪ್ರಯೋಜನವಾದೀತು.

ಪ್ರೈಮಾಕ್ವಿನಿನ ವಿಷಯದಲ್ಲಿ ಎಚ್ಚರ ಇನ್ನೂ ಒಂದಿದೆ. ಮಾಡದಲ್ಲಿದ್ದ ಆ ಪಟ್ಟಿ ನನ್ನನ್ನು ಬೆಚ್ಚಿಸಿದುದು ಅದಕ್ಕಾಗಿಯೇ. ಅಮೆರಿಕದ ಇಲಿನಾಯ್ ಪ್ರಾಂತದ ಸ್ಟೇಟ್‌ವಿಲ್ ಸೆರೆಮನೆಯಲ್ಲಿ ಕೈದಿಗಳ ಮೇಲೆ ಈ ಜಾತಿಯ ಔಷಧಗಳನ್ನು ಪರೀಕ್ಷಿಸುತ್ತಿದ್ದಾಗ, ಕೆಲವರಲ್ಲಿ, ಮುಖ್ಯವಾಗಿ ಕರಿಯ ಜನಾಂಗದವರಲ್ಲಿ, ಮೂತ್ರ ಕಪ್ಪಾಗಿ ರಕ್ತಹೀನತೆಯುಂಟಾಯಿತು. ಕಾರಣವನ್ನು ಹುಡುಕುತ್ತ ಹೋದಾಗ, ರಕ್ತದ ಕೆಂಪುಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವವು ಅವರಲ್ಲಿ ಹುಟ್ಟಿನಿಂದಲೇ ಕಡಿಮೆಯೆಂದು 1956ರಲ್ಲಿ ಗೊತ್ತಾಯಿತು. ಸೆರೆಯಲ್ಲಿರುವವನ ಸಮ್ಮತಿಗೆ ಎಷ್ಟು ಬೆಲೆಯೆಂಬ ಪ್ರಶ್ನೆಯನ್ನು ಇತಿಹಾಸಕಾರರು ಈಗಲೂ ಕೇಳುತ್ತಿದ್ದಾರೆ, ಕೇಳಬೇಕಾದುದೇ. ಆದರೆ ಅಲ್ಲಿ ದೊರೆತ ಅರಿವಿನ ಪ್ರಯೋಜನ ನಮ್ಮೆಲ್ಲರಿಗೂ ದಕ್ಕಿದೆ. ಈ ಕೊರತೆಯು ತಾಯಿಯಿಂದ ಮಕ್ಕಳಿಗೆ ಬರತಕ್ಕದ್ದು. ಗಂಡುಮಕ್ಕಳಲ್ಲಿ ಹೆಚ್ಚಾಗಿ ವ್ಯಕ್ತವಾಗುತ್ತದೆ. ಭಾರತದ ಹಲವು ಸಮುದಾಯಗಳಲ್ಲಿಯೂ ಇದೆ. ಕೊರತೆಯಿರುವವನು ನೋಡಲು ಪೂರ್ಣ ಆರೋಗ್ಯವಂತನೇ. ಔಷಧ ತಿಂದಾಗ ಮಾತ್ರ ಬಯಲಾಗುತ್ತದೆ.

ಆದಕಾರಣ ಪ್ರೈಮಾಕ್ವಿನ್ ತಿನ್ನುತ್ತಿರುವಾಗ ಮೂತ್ರವು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ, ತುಟಿ ನೀಲಿಗಟ್ಟಿದರೆ, ಹೊಟ್ಟೆಯಲ್ಲಿ ನೋವೆದ್ದರೆ ಗುಳಿಗೆಯನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೊನೆಯವರೆಗೆ ತಿನ್ನಬೇಕೆಂಬ ನಿಯಮಕ್ಕೆ ಇದೊಂದು ಅಪವಾದ. ಒಂದು ವರ್ಷದೊಳಗಿನ ಶಿಶುವಿಗೂ ಗರ್ಭಿಣಿಗೂ ಇದನ್ನು ಕೊಡಕೂಡದು. ಗರ್ಭದಲ್ಲಿರುವ ಮಗುವಿನ ರಕ್ತದಲ್ಲಿ ಆ ಕಿಣ್ವ ಎಷ್ಟಿದೆಯೆಂದು ತಿಳಿಯುವ ಬಗೆಯಿಲ್ಲವಷ್ಟೆ. ಕ್ಲೋರೋಕ್ವಿನ್‌ಗೆ ಈ ನಿರ್ಬಂಧವಿಲ್ಲ. ಎರಡೂ 'ಮಲೇರಿಯಾ ಗುಳಿಗೆ'ಗಳೇ ಆದರೂ, ಒಂದನ್ನು ಬಸುರಿಗೆ ಕೊಡಬಹುದು, ಇನ್ನೊಂದನ್ನು ಕೊಡಲಾಗದು. ಮಾಡದಲ್ಲಿ ಹೆಸರಳಿದ ಪಟ್ಟಿಯಾಗಿ ಉಳಿದಾಗ ಈ ಭೇದ ಯಾರಿಗೆ ತಿಳಿದೀತು?

ಫಾಲ್ಸಿಪಾರಂ ಎಂಬ ಇನ್ನೊಂದು ರೋಗಾಣುವಿನ ವಿಷಯವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಪ್ರಾಣಕ್ಕೆ ಹೆಚ್ಚು ಅಪಾಯ ತರುವುದು ಅದೇ. ಅದು ಕ್ಲೋರೋಕ್ವಿನ್‌ಗೆ ಬಗ್ಗದೆ ಹೋದುದು ಭಾರತದಲ್ಲಿ ಮೊದಲು ಗೊತ್ತಾದುದು 1973ರಲ್ಲಿ, ಅಸ್ಸಾಮಿನ ಕಾರ್ಬಿ ಆಂಗ್ಲಾಂಗ್‌ನಲ್ಲಿ. ಈಗ ಅದಕ್ಕೆ ಚೀನಾದ ಟೂ ಯೂಯೂ 1970ರ ದಶಕದಲ್ಲಿ ಶೋಧಿಸಿದ ಆರ್ಟಿಮಿಸಿನಿನ್ ವರ್ಗದ ಔಷಧವನ್ನು ಮತ್ತೊಂದು ಔಷಧದೊಡನೆ ಕೂಡಿಸಿ ಮೂರು ದಿನ ಕೊಡುತ್ತಾರೆ. ಆರ್ಟಿಮಿಸಿನಿನ್ ಗುಳಿಗೆಯೊಂದನ್ನೇ ಕೊಡುವುದು ನಮ್ಮಲ್ಲಿ ನಿಷಿದ್ಧ; ಒಂಟಿ ಔಷಧಕ್ಕೆ ರೋಗಾಣು ಬೇಗ ಒಗ್ಗಿಕೊಳ್ಳುತ್ತದೆ. ಜೊತೆಗಿರುವ ಔಷಧದಲ್ಲಿ ಗಂಧಕಜನ್ಯ ಸಲ್ಫಾ ಇರುವುದುಂಟು. ಅದು ಮೈಗೆ ಒಗ್ಗದವರು ಮೊದಲೇ ತಿಳಿಸಬೇಕು. ಸರ್ಕಾರವು ಈ ಗುಳಿಗೆಗಳ ಪಟ್ಟಿಯನ್ನು ವಯಸ್ಸಿಗೆ ತಕ್ಕಂತೆ ಗುಲಾಬಿ, ಹಳದಿ, ಹಸಿರು, ಕೆಂಪು, ಬಿಳಿ ಬಣ್ಣಗಳಲ್ಲಿ ಹಂಚಿತು: ಒಂದು ವರ್ಷದೊಳಗಿನವರಿಗೆ ಗುಲಾಬಿ, ಹದಿನೈದು ತುಂಬಿದವರಿಗೆ ಬಿಳಿ. ಬಂಗಾಳದ ಪೈಸೆಯ ಪೊಟ್ಟಣ ಹೇಳಲಾರದೆ ಹೋದುದನ್ನು, ಓದುಬಾರದವರಿಗೂ ತಿಳಿಯುವಂತೆ ಬಣ್ಣವೇ ಹೇಳುತ್ತದೆ.

ಯಾವ ಗುಳಿಗೆಯೇ ಆಗಲಿ, ಎರಡು ದಿನ ಕಳೆದರೂ ಜ್ವರ ಇಳಿಯದಿದ್ದರೆ ಕೊಟ್ಟವರ ಬಳಿಗೆ ಮರಳಿ ಹೋಗತಕ್ಕದ್ದು.

ಆ ದಿನ ಸಂಜೆ ಆಶಾ ಕಾರ್ಯಕರ್ತೆಯನ್ನು ಕರೆಯಿಸಲಾಯಿತು. ಆಕೆ ಪಟ್ಟಿಯನ್ನು ತೆಗೆದುಕೊಂಡು, ಹುಡುಗನ ದೂರವಾಣಿಯ ಸಂಖ್ಯೆಯನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡಳು. ಸೊಸೆಗೆ ಜ್ವರ ಬಂದರೆ ರಕ್ತ ತೋರಿಸದೆ ಏನನ್ನೂ ತಿನ್ನಿಸಕೂಡದೆಂದು ಮುತ್ಯಾರಿಗೆ ಎರಡು ಬಾರಿ ಹೇಳಿದಳು. ದೀಪಾವಳಿಗೆ ಊರಿಗೆ ಬಂದ ಹುಡುಗನಿಗೆ ಮತ್ತೆ ಚಳಿ ಹತ್ತಿತು. ರಕ್ತದಲ್ಲಿ ಮತ್ತೆ ವೈವ್ಯಾಕ್ಸ್ ಕಂಡಿತು. ಈ ಸಲ ಹದಿನಾಲ್ಕು ದಿನವೂ ರಾತ್ರಿ ಊಟವಾದೊಡನೆ ಗುಳಿಗೆಯನ್ನು ಎಣಿಸಿ ಅವನ ಕೈಗೆ ಹಾಕಿದವರು ಮುತ್ಯಾ.